ಕೇಳಿಸದ ಆಸಿಲೇಟರಿನ ಕಥೆ

ಕೀಬೋರ್ಡ್ ಕಲಿಯಲು ನನ್ನ ಹತ್ತಿರ ಬರುವ ಹುಡುಗರು ಲ್ಯಾಪ್‌ಟಾಪಿನಲ್ಲಿ ಸಿಂತಸೈಜರ್ ತೆರೆದ ಕೂಡಲೇ ಫಿಲ್ಟರಿನ ನಾಬ್‌ಗೆ ಕೈ ಹಾಕುತ್ತಾರೆ. ಪಕ್ಕದಲ್ಲೇ ಇರುವ ಎಲ್‌ಎಫ್‌ಓ, ಅಂದರೆ ನಿಧಾನವಾಗಿ ಕಂಪಿಸುವ ‘ಲೋ ಫ್ರೀಕ್ವೆನ್ಸಿ ಆಸಿಲೇಟರ್’ ಕಡೆ ತಿರುಗಿಯೂ ನೋಡುವುದಿಲ್ಲ. ಅದು ತಾನಾಗಿ ಸದ್ದು ಮಾಡುವುದಿಲ್ಲವಲ್ಲ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಕಂಪನವನ್ನು ನಮ್ಮ ಕಿವಿ ಸ್ವರವೆಂದು ಹಿಡಿಯುವುದಿಲ್ಲ. ಆದರೆ ಅದೇ ನಿಧಾನದ ಅಲೆಯನ್ನು ಇನ್ನೊಂದು ನಾದದ ಶ್ರುತಿಗೆ ಜೋಡಿಸಿದರೆ ಸ್ವರ ನಡುಗುತ್ತದೆ, ಗಟ್ಟಿತನಕ್ಕೆ ಜೋಡಿಸಿದರೆ ಸದ್ದು ಏರಿಳಿಯುತ್ತದೆ, ಫಿಲ್ಟರಿಗೆ ಜೋಡಿಸಿದರೆ ನಾದ ಬಾಯಿ ತೆರೆದು ಮುಚ್ಚಿದಂತೆ ಕೇಳುತ್ತದೆ. ಯಂತ್ರದ ನಾದಕ್ಕೆ ಜೀವ ತುಂಬಿದ್ದು ಇದೇ ಎಂದು ನಾನು ನಂಬುತ್ತೇನೆ.

ನಾದವನ್ನು ನಡುಗಿಸುವ ಆಸೆ ವಿದ್ಯುತ್ತಿಗಿಂತ ಹಳೆಯದು. ಯುರೋಪಿನ ಚರ್ಚುಗಳ ಪೈಪ್ ಆರ್ಗನ್ನುಗಳಲ್ಲಿ ಕೊಳವೆಗೆ ಹೋಗುವ ಗಾಳಿಯನ್ನೇ ಅಲುಗಾಡಿಸುವ ಸಾಧನವಿತ್ತು. 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್ನಿನ ನಾದ ತೀರಾ ಚಪ್ಪಟೆ ಎನ್ನಿಸಿ, ಡಾನ್ ಲೆಸ್ಲಿ ಎಂಬಾತ ಅದಕ್ಕೆ ತಿರುಗುವ ಸ್ಪೀಕರ್ ಪೆಟ್ಟಿಗೆ ಮಾಡಿದ. ಮೋಟಾರು ತಿರುಗಿದಂತೆ ಸದ್ದು ಕೇಳುಗನ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು.

1964ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಮೂಗ್ ಈ ಕೆಲಸವನ್ನು ಮೋಟಾರಿನಿಂದ ವೋಲ್ಟೇಜಿಗೆ ವರ್ಗಾಯಿಸಿದರು. ಒಂದು ವೋಲ್ಟ್ ಏರಿದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ. ಆ ವೋಲ್ಟೇಜ್ ಕೀಲಿಮಣೆಯಿಂದಲೇ ಬರಬೇಕೆಂದಿಲ್ಲ, ಇನ್ನೊಂದು ಆಸಿಲೇಟರಿನಿಂದಲೂ ಬರಬಹುದು. 1970ರ ಮಿನಿಮೂಗ್‌ನಲ್ಲಿ ಎಲ್‌ಎಫ್‌ಓಗೆಂದು ಬೇರೆ ಜಾಗವೇ ಇರಲಿಲ್ಲ. ಮೂರನೆಯ ಆಸಿಲೇಟರನ್ನು ತಗ್ಗಿನ ವೇಗಕ್ಕೆ ಇಳಿಸಿ, ಎಡಗೈ ಹತ್ತಿರದ ಚಕ್ರದಿಂದ ಅದರ ಪ್ರಮಾಣ ಹೆಚ್ಚಿಸಬೇಕಿತ್ತು. ಸ್ವರ ಹುಟ್ಟಿಸುವುದೂ ನಡುಗಿಸುವುದೂ ಒಂದೇ ಯಂತ್ರದ ಕೆಲಸ, ವೇಗ ಮಾತ್ರ ಬೇರೆ.

ಆದರೆ ಸಾಫ್ಟ್‌ವೇರಿನ ಎಲ್‌ಎಫ್‌ಓಗೆ ನಿಜವಾದ ಹಿರಿಯರು ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್. ಅವರು ಇಂಜಿನಿಯರ್ ಅಲ್ಲ; ಸಂಗೀತ ರಚನಕಾರ, ತಾಳವಾದ್ಯ ನುಡಿಸಿದವರು. ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲೇ ಕಂಪ್ಯೂಟರಿನಿಂದ ಸ್ವರ ಹೊರಡಿಸಿದ್ದರು. ಅವರ ಲೇಖನ ಓದಿ ಚೌನಿಂಗ್ ಈ ದಾರಿಗೆ ಬಂದರು. 1967ರಲ್ಲಿ ಒಂದು ಆಸಿಲೇಟರಿನಿಂದ ಇನ್ನೊಂದರ ಶ್ರುತಿಯನ್ನು ನಡುಗಿಸುತ್ತ, ನಡುಕದ ವೇಗವನ್ನೂ ಆಳವನ್ನೂ ಅತಿರೇಕಕ್ಕೆ ಒಯ್ದರು. ಒಂದು ಹಂತ ದಾಟಿದ ಮೇಲೆ ನಡುಕ ಮಾಯ! ಅದರ ಜಾಗದಲ್ಲಿ ಹೊಸದೊಂದು ನಾದ ನಿಂತಿತ್ತು.

ಅಲ್ಲಿ ಆಗುವುದು ಇಷ್ಟು. 440 ಹರ್ಟ್ಜ್‌ನ ಸಾದಾ ಸ್ವರವನ್ನು ಸೆಕೆಂಡಿಗೆ ಆರು ಬಾರಿ ಅಲುಗಿಸಿದರೆ ಅದು ಹಾಡುಗಾರನ ಕೊರಳಿನ ನಡುಕದ ವೇಗ. ಕಿವಿ ಪ್ರತಿ ಏರಿಳಿತವನ್ನೂ ಹಿಂಬಾಲಿಸುತ್ತದೆ. ಸೆಕೆಂಡಿಗೆ ನೂರು ಬಾರಿ ಅಲುಗಿಸಿದರೆ ಹಿಂಬಾಲಿಸುವುದು ಸಾಧ್ಯವಿಲ್ಲ. ಆಗ 440ರ ಎರಡೂ ಬದಿಗೆ 340, 540, ಮತ್ತೆ 240, 640 ಹೀಗೆ ಹೊಸ ಕಂಪನಾಂಕಗಳು ಸಾಲುಗಟ್ಟುತ್ತವೆ. ಕಿವಿ ಅವೆಲ್ಲವನ್ನೂ ಕೂಡಿಸಿ ಗಂಟೆಯಂಥ ಒಂದು ನಾದವೆಂದು ಗ್ರಹಿಸುತ್ತದೆ. ಗಂಟೆಯ ನಾದ ಕಟ್ಟಲು ಹತ್ತಾರು ಆಸಿಲೇಟರುಗಳು ಬೇಕಾಗಿದ್ದ ಕಾಲದಲ್ಲಿ ಎರಡೇ ಸಾಕಾದವು. ಗಣಕದ ಒಂದೊಂದು ಲೆಕ್ಕಕ್ಕೂ ಕಾಯಬೇಕಾಗಿದ್ದ ದಿನಗಳಲ್ಲಿ ಇದೇನು ಸಣ್ಣ ಉಳಿತಾಯವೇ? ಚೌನಿಂಗ್ 1973ರಲ್ಲಿ ಈ ತಂತ್ರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹ್ಯಾಮಂಡ್‌ನಂಥ ಅಮೆರಿಕದ ಆರ್ಗನ್ ಕಂಪನಿಗಳು ಬೇಡವೆಂದವು, ಜಪಾನಿನ ಯಮಾಹಾ ಹಕ್ಕು ಪಡೆಯಿತು. 1983ರ ಡಿಎಕ್ಸ್7 ಸಿಂತಸೈಜರ್ ಅದರ ಫಲ. ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಈ ಶೋಧಕ್ಕೆ ಸಾಫ್ಟ್‌ವೇರೇ ತಕ್ಕ ನೆಲವಾಗಿತ್ತು. ಮ್ಯಾಥ್ಯೂಸರ ಪ್ರೋಗ್ರಾಮಿನಲ್ಲಿ ಆಸಿಲೇಟರ್ ಎಂದರೆ ಒಂದು ಲೆಕ್ಕ. ಅದಕ್ಕೆ 6 ಕೊಟ್ಟರೆ ನಡುಕ, 600 ಕೊಟ್ಟರೆ ಸ್ವರ.

1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಪ್ಲಗಿನ್ ವ್ಯವಸ್ಥೆ ತಂದ ಮೇಲೆ ಸಿಂತಸೈಜರ್ ಮನೆಮನೆಯ ಕಂಪ್ಯೂಟರಿಗೆ ಇಳಿಯಿತು, ಎಲ್‌ಎಫ್‌ಓ ಹಾಡಿನ ಲಯಕ್ಕೆ ಕಟ್ಟುಬಿತ್ತು. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಎಣಿಕೆಗೊಂದು ಅಲೆ ಎಂದರೆ ಸರಿಯಾಗಿ 2 ಹರ್ಟ್ಜ್. 2000ದ ದಶಕದ ಕೊನೆಗೆ ಡಬ್‌ಸ್ಟೆಪ್ ಎಂಬ ನೃತ್ಯಸಂಗೀತದ ತೊನೆಯುವ ಬಾಸ್ ಹೀಗೆ ಲಯಕ್ಕೆ ಕಟ್ಟಿದ ಎಲ್‌ಎಫ್‌ಓದಿಂದಲೇ ಬಂತು, ಹೆಚ್ಚಾಗಿ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ ಕಂಪನಿಯ ಮ್ಯಾಸಿವ್ ಎಂಬ ಸಾಫ್ಟ್‌ವೇರ್ ಸಿಂತಸೈಜರಿನಲ್ಲಿ.

ಎಲ್‌ಎಫ್‌ಓದಿಂದ ಗಮಕ ಬರುತ್ತದೆಯೇ ಎಂದು ಸಂಗೀತ ಕಲಿತ ಮಕ್ಕಳು ಕೇಳುತ್ತಾರೆ. ಬರುವುದಿಲ್ಲ. ತೋಡಿಯ ಗಾಂಧಾರ ಎಷ್ಟು ತೂಗಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಹಿಂದುಮುಂದಿನ ಸ್ವರಗಳು ಹೇಳುತ್ತವೆ. ಎಲ್‌ಎಫ್‌ಓಗೆ ಅವು ಗೊತ್ತಿಲ್ಲ. ಅಲ್ಲಿಗೆ ಬೇಕಾದದ್ದು ಪಿಚ್ ಬೆಂಡ್ ಮತ್ತು ತಿಳಿದ ಕೈ.

ಚೌನಿಂಗರ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. 2018ರಿಂದ ಮುಕ್ತವಾಗಿರುವ ಸರ್ಜ್ ಎಂಬ ಸಿಂತಸೈಜರ್ ಉಚಿತವಾಗಿ ಸಿಗುತ್ತದೆ. ಸಿದ್ಧ ಪ್ರಿಸೆಟ್ಟುಗಳನ್ನು ಬದಿಗಿಟ್ಟು, ಒಂದು ಸಾದಾ ಸ್ವರದ ಶ್ರುತಿಗೆ ಇನ್ನೊಂದು ಆಸಿಲೇಟರ್ ಜೋಡಿಸಿ, ಅದರ ವೇಗವನ್ನು ಮೆಲ್ಲಗೆ ಏರಿಸಿ ಕೇಳಿ. ನಡುಕ ಎಲ್ಲಿ ನಾದವಾಯಿತು ಎಂಬುದನ್ನು ನಿಮ್ಮ ಕಿವಿಯೇ ನಿಮಗೆ ಹೇಳಲಿ.