ಹಳೆಯ ಗ್ರಾಮಾಫೋನಿಗೆ ಬಿಡಿಭಾಗ: ಕೊಳ್ಳುವ ಮುನ್ನ ಅಳೆಯಬೇಕಾದುದು

ಕೀಲಿ ಕೊಡುವ ಗ್ರಾಮಾಫೋನೂ ಕನ್ನಡ ರಂಗಗೀತೆಗಳ 78 ಸುತ್ತಿನ ತಟ್ಟೆಗಳೂ ನಮ್ಮ ಗಡಿನಾಡಿನ ಕೆಲವು ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿವೆ. ಹೊಂದದ ಭಾಗವನ್ನು ಜೋಡಿಸಿದರೆ ಯಂತ್ರವಷ್ಟೇ ಅಲ್ಲ, ತಟ್ಟೆಯ ಗೆರೆಯೂ ಕೆಡುತ್ತದೆ. ಸವೆದ ದನಿಗೆ ಬಿಡಿಭಾಗ ದೊರೆಯದು.

ಕಂಪನಿಯ ಹೆಸರು ಒಂದೇ ಆದ ಮಾತ್ರಕ್ಕೆ ಭಾಗವೂ ಹೊಂದುತ್ತದೆಂದು ನಂಬಲಾಗದು. ಎಚ್‌ಎಂವಿಯ ಹಳೆಯ 'ಎಕ್ಸಿಬಿಷನ್' ಸೌಂಡ್‌ಬಾಕ್ಸಿನ ಪೊರೆ ಕಾಗೆಬಂಗಾರದ್ದು. 102ನೆಯ ಮಾದರಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕಾಣುವ 5ಎ ಮತ್ತು 5ಬಿ ಸೌಂಡ್‌ಬಾಕ್ಸುಗಳ ಪೊರೆ ಅಲ್ಯೂಮಿನಿಯಮ್ಮಿನದು. ಎಡಿಸನ್ನನ ಉರುಳೆಯಂತ್ರಗಳಲ್ಲಿ ಭೇದ ಇನ್ನೂ ಸೂಕ್ಷ್ಮ. ಎರಡು ನಿಮಿಷದ ಉರುಳೆಗೆ ಅಂಗುಲಕ್ಕೆ 100 ಗೆರೆ, ನಾಲ್ಕು ನಿಮಿಷದ್ದಕ್ಕೆ 200. ಒಂದರ ಮೊನೆ ಇನ್ನೊಂದಕ್ಕೆ ಸಲ್ಲದು.

ಸೌಂಡ್‌ಬಾಕ್ಸ್ ಕೊಳ್ಳುವಾಗ ತೋಳಿನ ತುದಿಯ ಹೊರವ್ಯಾಸವನ್ನು ಕ್ಯಾಲಿಪರಿನಿಂದ ಅಳೆದೊಯ್ಯಬೇಕು. ಅನೇಕ ವೇಳೆ ಪೆಟ್ಟಿಗೆಯೇ ಹಾಳಾಗಿರುವುದಿಲ್ಲ. ಒಳಗಿನ ರಬ್ಬರ್ ಬಳೆ ಕಲ್ಲಾಗಿರುತ್ತದೆ. ಅದನ್ನು ಬದಲಿಸಿದರೆ ದನಿ ಮರಳುತ್ತದೆ.

ಸ್ಪ್ರಿಂಗಿಗೆ ಅಗಲ, ದಪ್ಪ, ಉದ್ದ ಮತ್ತು ಎರಡೂ ತುದಿಗಳ ಆಕಾರ ಬೇಕು: ತುದಿಯಲ್ಲಿ ತೂತಿದೆಯೋ, ಕೊಕ್ಕೆಯಿದೆಯೋ ಎಂಬುದನ್ನೂ ಬರೆದಿಡಬೇಕು. ದಪ್ಪ ಹೆಚ್ಚಿದರೆ ಬಲ ಹೆಚ್ಚೀತೆಂದು ಅಂಗಡಿಯವರು ಹೇಳುವುದುಂಟು. ವಾಸ್ತವದಲ್ಲಿ ಅದು ಡಬ್ಬಿಯನ್ನು ತುಂಬಿಕೊಂಡು, ಸುರುಳಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ತಿರುಗುವ ಸುತ್ತುಗಳೇ ಕಡಿಮೆಯಾಗುತ್ತವೆ. ಕೀಲಿಯನ್ನು ಪೂರ್ತಿ ಇಳಿಸದೆ ಡಬ್ಬಿಯನ್ನು ಬಿಚ್ಚಬಾರದು. ಬಿಗಿದ ಸ್ಪ್ರಿಂಗ್ ಸಿಡಿದರೆ ಕೈ ಸೀಳುತ್ತದೆ. ಮಕ್ಕಳು ದೂರವಿರಲಿ.

ಮುಳ್ಳಿನ ವಿಷಯದಲ್ಲಿ ಜಿಪುಣತನ ಸಲ್ಲದು. ಅರಗಿನ ತಟ್ಟೆ ಉಕ್ಕಿನ ಮೊನೆಯನ್ನು ತೇಯುತ್ತದೆ, ತೇದ ಮೊನೆ ಗೆರೆಯನ್ನು ಕೊರೆಯುತ್ತದೆ. ಆದುದರಿಂದ ಒಂದು ಮಗ್ಗುಲಿಗೆ ಒಂದೇ ಮುಳ್ಳು. ಹೊಲಿಗೆಯ ಸೂಜಿಯನ್ನಾಗಲಿ, ಎಲ್‌ಪಿ ತಟ್ಟೆಯನ್ನಾಗಲಿ ಈ ಯಂತ್ರದ ಬಳಿಗೆ ತರಲೇಬಾರದು.

ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಭಾಗಗಳು ಸಿಗುವುದುಂಟು. ಸೊಲ್ಲಾಪುರ, ಜತ್ತದವರಿಗೆ ಅದು ಅಷ್ಟು ದೂರವಲ್ಲ. ಆದರೆ ಮಿರುಗುವ ಹಿತ್ತಾಳೆ ಕಹಳೆಯೂ ನಾಯಿಯ ಚಿತ್ರವೂ ಇರುವ ಹೊಸ ನಕಲುಗಳು ಅಲಂಕಾರಕ್ಕೆಂದೇ ಮಾಡಿದವು. ಅವುಗಳ ಭಾಗಗಳಿಗೆ ಹಣ ಸುರಿಯಬೇಡಿ. ಮುರಿದ ಹಳೆಯ ಭಾಗವನ್ನು ಎಸೆಯದೆ ಜೊತೆಗೊಯ್ದರೆ, ಬದಲಿ ಸಿಗದಿದ್ದರೂ ಲೇತ್ ಕೆಲಸದವರು ಹಲವು ಭಾಗಗಳನ್ನು ಅದನ್ನೇ ನೋಡಿ ಮಾಡಿಕೊಡಬಲ್ಲರು.

ಜೋಡಿಸಿದ ಮೇಲೆ ತಟ್ಟೆಯಂಚಿಗೆ ಕಾಗದದ ಚೂರನ್ನು ಸಿಕ್ಕಿಸಿ, ಮುಳ್ಳು ಇಳಿಸಿ, ಒಂದು ನಿಮಿಷದ ಸುತ್ತುಗಳನ್ನು ಮಕ್ಕಳಿಂದ ಎಣಿಸಿ. 78 ಬರುವವರೆಗೆ ವೇಗದ ತಿರುಪನ್ನು ಹೊಂದಿಸುತ್ತಿರಬೇಕು.