ಗಾಳಿ ಮತ್ತು ಹೈಡ್ರಾಲಿಕ್ ಉಪಕರಣಗಳ ಸುರಕ್ಷತೆ (ಚಿಕ್ಕಬಳ್ಳಾಪುರ ಸೀಮೆ)

ಕಂಪ್ರೆಸರ್ ಗಾಳಿಯಿಂದಲೋ ಒತ್ತಡದ ಎಣ್ಣೆಯಿಂದಲೋ ನಡೆಯುವ ಉಪಕರಣಗಳನ್ನು ಅಪಾಯವಿಲ್ಲದೆ ಬಳಸುವ ಕ್ರಮ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಇವು ಹೆಚ್ಚಾಗಿ ಕಾಣುವುದು ಕಲ್ಲು ಕ್ವಾರಿಗಳಲ್ಲಿ ಮತ್ತು ಬೋರ್‌ವೆಲ್ ಲಾರಿಗಳಲ್ಲಿ: ಟ್ರ್ಯಾಕ್ಟರ್ ಕಂಪ್ರೆಸರ್‌ಗೆ ಜೋಡಿಸಿದ ಜಾಕ್‌ಹ್ಯಾಮರ್, ಬೋರ್ ಕೊರೆಯುವ ಹ್ಯಾಮರ್, ಹಿಟಾಚಿಯ ತುದಿಗೆ ಕಟ್ಟಿದ ಬ್ರೇಕರ್. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತ ಮೇಲೆ ಕ್ವಾರಿ ಸುರಕ್ಷತೆ ಎಂದರೆ ಸ್ಫೋಟಕಗಳ ಸುರಕ್ಷತೆ ಎಂಬ ಭಾವನೆ ಬಲವಾಯಿತು. ಅದು ಸಹಜವೇ. ಆದರೆ ಮದ್ದು ತುಂಬುವ ಕುಳಿಯನ್ನು ಕೊರೆಯುವಾತನಿಗೆ ದಿನನಿತ್ಯದ ಅಪಾಯ ಬರುವುದು ಕೈಯಲ್ಲಿರುವ ಯಂತ್ರದಿಂದ, ಅದರಲ್ಲೂ ಅದು ಎಬ್ಬಿಸುವ ದೂಳಿನಿಂದ.

ಒತ್ತಡದ ಅಪಾಯಗಳು ಕಣ್ಣಿಗೆ ಬೀಳುವಂಥವು, ತಡೆಯೂ ಸುಲಭ. ಎಂಜಿನ್ ನಿಂತರೂ ಟ್ಯಾಂಕು, ಪೈಪುಗಳಲ್ಲಿ ಒತ್ತಡ ಉಳಿದಿರುತ್ತದೆ; ಗಾಳಿ ಬಿಡದೆ ಜೋಡಣೆ ಬಿಚ್ಚಬಾರದು. ಕಳಚಿದ ಪೈಪು ಚಾಟಿಯಂತೆ ಹೊಡೆಯುತ್ತದೆ, ಜೋಡಣೆಗೆ ಉಕ್ಕಿನ ತಂತಿಯ ಕಟ್ಟು ಇರಬೇಕು. ಬಟ್ಟೆಯ ದೂಳನ್ನು ಗಾಳಿಯಿಂದ ಊದಿಕೊಳ್ಳಬಾರದು. ಹೈಡ್ರಾಲಿಕ್ ಪೈಪಿನ ಸೋರಿಕೆಯನ್ನು ಬೆರಳಿಟ್ಟು ನೋಡದೆ ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕು.

ದೂಳಿನ ಚರಿತ್ರೆ ಈ ಸೀಮೆಗೆ ಹೊರಗಿನದಲ್ಲ. 2007ರವರೆಗೆ ಚಿಕ್ಕಬಳ್ಳಾಪುರ ಸೇರಿದ್ದ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳಿಂದಲೇ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್‌ನ ಭಾರತದ ಮೊದಲ ವರದಿ 1947ರಲ್ಲಿ ಬಂತು. ಪರೀಕ್ಷೆಗೊಳಗಾದ ಗಣಿಕಾರ್ಮಿಕರಲ್ಲಿ ಶೇ. 43.7 ಮಂದಿಗೆ ಆ ರೋಗವಿತ್ತು. ಪರಿಹಾರವಂತೂ ಅದಕ್ಕೂ ಅರ್ಧ ಶತಮಾನ ಹಿಂದೆಯೇ ಸಿಕ್ಕಿತ್ತು. 1890ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜ್ ಲೇನರ್ ಟೊಳ್ಳು ಸರಳಿನ ಮೂಲಕ ಗಾಳಿ ಹಾಯಿಸಿ ಕುಳಿಯ ಪುಡಿಯನ್ನು ಹೊರದೂಡುವ ಯಂತ್ರ ಮಾಡಿದ. ಕೆಲಸ ಚುರುಕಾಯಿತು, ದೂಳು ಮಾತ್ರ ಕಾರ್ಮಿಕರ ಮುಖಕ್ಕೇ ರಾಚಿತು. ಅವರು ಅದನ್ನು ಮುಟ್ಟಲೊಪ್ಪಲಿಲ್ಲ. ಆಗ ಲೇನರ್ ಗಾಳಿಯ ಜೊತೆಗೆ ನೀರನ್ನೂ ಹಾಯಿಸಿದ. ದೂಳು ಕೆಸರಾಗಿ ಕುಳಿಯಿಂದ ಇಳಿದುಬಂತು.

ಬಯಲಿನಲ್ಲಿ ದೂಳು ಗಾಳಿಗೆ ಹಾರಿಹೋಗುತ್ತದೆ ಎಂಬ ಆಕ್ಷೇಪವಿದೆ. ಆದರೆ ಕೊರೆಯುವವನ ಮುಖ ಕುಳಿಯ ನೇರಕ್ಕೇ ಬಗ್ಗಿರುತ್ತದೆ. ಇಲ್ಲಿನ ಗ್ರಾನೈಟ್‌ನಲ್ಲಿ ಈ ರೋಗ ತರುವ ಬೆಣಚಿನ ಅಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು. ಶ್ವಾಸಕೋಶದ ಆಳಕ್ಕಿಳಿಯುವ ಕಣ ಕಣ್ಣಿಗೆ ಕಾಣದು, ಮೂಗಿಗೆ ಸುತ್ತಿದ ಟವಲು ಅದನ್ನು ತಡೆಯದು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಲ್ಲಿ ಬಂಡೆಗೆ ಎಲ್ಲಿಂದ ನೀರು ತರುವುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಕಾಂಕ್ರೀಟ್ ಒಡೆಯುವ ಜಾಕ್‌ಹ್ಯಾಮರ್‌ಗೆ ನಿಮಿಷಕ್ಕೆ ಸುಮಾರು 350 ಮಿಲಿಲೀಟರ್ ಸಿಂಪಡಿಸಿದರೇ ದೂಳು ಶೇ. 70ಕ್ಕೂ ಹೆಚ್ಚು ತಗ್ಗಿದ್ದನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯಾಶ್ ಅಳೆದಿದೆ. ಬಂಡೆ ಕೊರೆತಕ್ಕೆ ಲೆಕ್ಕ ತುಸು ಬೇರೆಯಾದೀತು. ಆದರೂ ಅದು ಗಂಟೆಗೊಂದು ಕ್ಯಾನ್ ನೀರಿನ ಮಾತು. ಕ್ವಾರಿಗಳಿಗೂ ಅನ್ವಯಿಸುವ 1961ರ ಲೋಹಗಣಿ ನಿಯಮಾವಳಿಯೂ ದೂಳನ್ನು ಹುಟ್ಟಿದಲ್ಲೇ ಅಡಗಿಸಲು ಹೇಳುತ್ತದೆ.

ಸಿಲಿಕೋಸಿಸ್ ವಾಸಿಯಾಗುವುದಿಲ್ಲ, ಎಕ್ಸ್‌ರೇಯಲ್ಲಿ ಹಲವೊಮ್ಮೆ ಕ್ಷಯದಂತೆ ಕಾಣುತ್ತದೆ. ಆದ್ದರಿಂದ ಕೆಮ್ಮಿಗೆಂದು ಆಸ್ಪತ್ರೆಗೆ ಹೋಗುವ ಕ್ವಾರಿ ಕಾರ್ಮಿಕರು ತಾವು ಎಷ್ಟು ವರ್ಷ ಜಾಕ್‌ಹ್ಯಾಮರ್ ಹಿಡಿದಿದ್ದೇವೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.