ಹಳೆಯ ಕಾರು, ಹಳೆಯ ಕುದುರೆ

2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಉಕ್ಕಿ, ವಿಜಯವಾಡದ ಅಜಿತ್ ಸಿಂಗ್ ನಗರದ ಸುತ್ತಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಮನೆಗಳ ಮುಂದೆ ನಿಂತಿದ್ದ ಕಾರುಗಳೂ ಮುಳುಗಿದವು. ಹಾಗೆ ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಸೀಟಿನ ಹೊದಿಕೆ ಬದಲಿಸಿ ನಿಲ್ಲಿಸಿದರೆ ನೋಡುವವರ ಕಣ್ಣಿಗೆ ಏನೂ ತೋರದು. ವಯರಿಂಗಿನೊಳಗೆ ಹೊಕ್ಕ ತೇವ ತಿಂಗಳುಗಳ ಮೇಲೆ ತನ್ನ ಗುಣ ತೋರಿಸುತ್ತದೆ. ವಿಶಾಖಪಟ್ಟಣದಲ್ಲಿ ಈ ಕೆಲಸವನ್ನು ಕಡಲಿನ ಉಪ್ಪುಗಾಳಿ ನಿಧಾನವಾಗಿ ಮಾಡುತ್ತದೆ: ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಅಡಿಯ ತಗಡು ತುಕ್ಕು ಹಿಡಿದಿರುತ್ತದೆ. ಈ ಊರುಗಳಲ್ಲಿ ನೆಲೆಸಿ ಹಳೆಯ ಕಾರು ಕೊಳ್ಳುವ ನಾವು ಕೇಳುವ ಪ್ರಶ್ನೆ ಒಂದೇ: ಕೊಂಡ ಮೇಲೆ ಬಯಲಾದ ದೋಷದ ಖರ್ಚು ಯಾರ ತಲೆಗೆ?

ಪ್ರಶ್ನೆಗೆ ನಾಲ್ಕು ಶತಮಾನಗಳ ವಯಸ್ಸಾಗಿದೆ. 1603ರಲ್ಲಿ ಇಂಗ್ಲೆಂಡಿನ ಒಬ್ಬಾತ ಬೆಜೋವರ್ ಎಂಬ ಔಷಧದ ಕಲ್ಲನ್ನು (ನಮ್ಮ ಗೋರೋಚನದ ದಾಯಾದಿಯೆನ್ನಬಹುದು) ನೂರು ಪೌಂಡಿಗೆ ಕೊಂಡು, ಅದು ಬೆಜೋವರ್ ಅಲ್ಲವೆಂದು ದೂರಿದ. ಮಾರಿದವನು ‘ಇದು ಬೆಜೋವರ್’ ಎಂದಷ್ಟೇ ಹೇಳಿದ್ದಾನೆ, ಹೊಣೆ ಹೊತ್ತು ಭರವಸೆ ಕೊಟ್ಟಿಲ್ಲ ಎಂದು ನ್ಯಾಯಾಲಯ ದೂರನ್ನು ತಳ್ಳಿಹಾಕಿತು. ವಾರಂಟಿ ಎಂಬ ಮಾತಿನ ತೂಕ ಅಲ್ಲಿಂದಲೇ ಕಾಣುತ್ತದೆ: ಹೇಳಿಕೆ ಬೇರೆ, ಹೊಣೆ ಬೇರೆ.

ನಮ್ಮ ದೇಶದ 1872ರ ಕರಾರು ಕಾಯಿದೆ ಇದನ್ನು ಕುದುರೆಯ ಮೂಲಕ ವಿವರಿಸಿತು. ಅದರ 17ನೇ ಕಲಮಿನ ದೃಷ್ಟಾಂತಗಳು ಕತೆಗಳಂತೆ ಓದಿಸಿಕೊಳ್ಳುತ್ತವೆ. ಕುದುರೆಗೆ ದೋಷವಿದೆಯೆಂದು ತಿಳಿದೂ ಮಾರುವವನು ಹರಾಜಿನಲ್ಲಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವಾಕೆ ಆಗಷ್ಟೇ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ, ಹೇಳುವುದು ಅವನ ಕರ್ತವ್ಯ. ಕೊಳ್ಳುವವನು ‘ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ’ ಎಂದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕುದುರೆಯ ಜಾಗದಲ್ಲಿ ಕಾರನ್ನಿಟ್ಟು ಓದಿದರೆ ಈ ಮೂರನೆಯ ದೃಷ್ಟಾಂತ ಇಂದಿಗೂ ನಮ್ಮ ಕೈಗೆ ಬರುವ ಆಯುಧ. ‘ಈ ಗಾಡಿ ಪ್ರವಾಹದಲ್ಲಿ ಮುಳುಗಿಲ್ಲ, ಅಪಘಾತಕ್ಕೆ ಸಿಕ್ಕಿಲ್ಲ ಎಂದು ನಂಬಿ ಕೊಳ್ಳುತ್ತಿದ್ದೇವೆ, ಹಾಗಲ್ಲದಿದ್ದರೆ ತಿಳಿಸಿ’ ಎಂದು ಮುಂಗಡ ಕೊಡುವ ಮೊದಲೇ ವಾಟ್ಸಾಪಿನಲ್ಲಿ ಬರೆದಿಟ್ಟವರ ವ್ಯಾಜ್ಯಕ್ಕೂ ಬಾಯಿಮಾತಿನಲ್ಲಿ ಕೇಳಿದವರ ವ್ಯಾಜ್ಯಕ್ಕೂ ಅಜಗಜಾಂತರ.

1930ರಲ್ಲಿ ಸರಕು ಮಾರಾಟ ಕಾಯಿದೆ ಬಂದಾಗ ವಿಶಾಖಪಟ್ಟಣ, ಬೆಜವಾಡ, ಬಳ್ಳಾರಿ, ಮಂಗಳೂರು ಎಲ್ಲವೂ ಒಂದೇ ಮದರಾಸು ಪ್ರಾಂತದವು. ಮೇಲ್ಮನವಿಗೆ ಒಂದೇ ಹೈಕೋರ್ಟು. ಆ ಕಾಯಿದೆಯ 16ನೇ ಕಲಂ ಕೊಳ್ಳುವವರೇ ಎಚ್ಚರವಾಗಿರಬೇಕೆಂಬ ಹಳೆಯ ನಿಯಮವನ್ನು ಉಳಿಸಿಕೊಂಡೇ ಅದಕ್ಕೆ ಕಿಂಡಿಗಳನ್ನು ತೆರೆಯಿತು. ವರ್ಣನೆಯನ್ನು ನಂಬಿ, ಅಂಥ ಸರಕಿನದೇ ವ್ಯಾಪಾರ ಮಾಡುವವರಿಂದ ಕೊಂಡರೆ, ಸರಕು ಮಾರಾಟಯೋಗ್ಯವಾಗಿರಬೇಕು. ಆದರೆ ಕೊಂಡವರು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಈ ರಕ್ಷಣೆಯಿಲ್ಲ. ಹೀಗಾಗಿ ಕಾಣುವ ತುಕ್ಕು ಒಂದು ಬಗೆ, ವಯರಿಂಗಿನೊಳಗಿನ ಬುಡಮೇರು ನೀರು ಇನ್ನೊಂದು ಬಗೆ.

ಕಾಯಿದೆಯೇನೋ ಇತ್ತು, ದಾರಿ ದುಬಾರಿಯಾಗಿತ್ತು. ಸಿವಿಲ್ ದಾವೆಗೆ ಶುಲ್ಕ, ವಕೀಲರು, ವರ್ಷಗಳು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಿಗೆ ವರ್ಷಗಟ್ಟಲೆ ಸರದಿ ನಿಲ್ಲುತ್ತಿದ್ದ ಕಾಲದಲ್ಲಿ ಹಳೆಯ ಕಾರು ಸಿಕ್ಕಿದ್ದೇ ಭಾಗ್ಯ. ದೂರುವ ಬದಲು ಜನ ಆಟೋನಗರದ ಮೆಕ್ಯಾನಿಕ್ಕಿನ ಬಳಿಗೆ ಹೋಗುತ್ತಿದ್ದರು.

1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಆ ದಾರಿಯನ್ನು ಅಗ್ಗಗೊಳಿಸಿತು. ಹಳೆಯದನ್ನು ಹೊಸದೆಂದು ತೋರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂಬ ಮಾತು ಏಕಸ್ವಾಮ್ಯ ತಡೆ ಕಾಯಿದೆಯ 1984ರ ತಿದ್ದುಪಡಿಯಿಂದ ಅದಕ್ಕೂ ಬಂತು. ಆದರೂ ಹೊರನಾಡ ಕನ್ನಡಿಗರಿಗೆ ಒಂದು ಕೊರತೆ ಉಳಿದಿತ್ತು. ದೂರನ್ನು ಎದುರುದಾರರ ಊರಿನಲ್ಲೋ ವ್ಯವಹಾರ ನಡೆದ ಊರಿನಲ್ಲೋ ಹೂಡಬೇಕಿತ್ತು. ರಜೆಗೆ ಹೋದಾಗ ಬೆಂಗಳೂರಿನ ವ್ಯಾಪಾರಿಯಿಂದ ಕಾರು ಕೊಂಡು ವಿಶಾಖಪಟ್ಟಣಕ್ಕೆ ತಂದವರು ಪ್ರತಿ ವಾಯಿದೆಗೂ ಬೆಂಗಳೂರಿನ ರೈಲು ಹತ್ತಬೇಕು. ರೈಲಿನ ಖರ್ಚೇ ಗೇರ್‌ಬಾಕ್ಸಿನ ಖರ್ಚನ್ನು ಮೀರುವ ಲೆಕ್ಕ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯಿದೆಯ 34ನೇ ಕಲಂ, ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಲು ಅವಕಾಶವಿತ್ತಿತು. ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ಅತಿ ದೊಡ್ಡ ತಿರುವು ಇದೇ. ತೆತ್ತ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷಗಳ ಕಾಲಮಿತಿಯನ್ನು ಮಾತ್ರ ಮರೆಯಬಾರದು.

ಈ ಬಾಗಿಲು ತೆರೆದಿರುವುದು ಸಾಮಾನ್ಯವಾಗಿ ವ್ಯಾಪಾರಿಗಳ ವಿರುದ್ಧ. ತನ್ನ ಸ್ವಂತ ಕಾರನ್ನು ಮಾರಿದ ನೆರೆಯವರ ಮೇಲಿನ ದೂರು ಇಂದಿಗೂ 1872 ಮತ್ತು 1930ರ ಕಾಯಿದೆಗಳನ್ನು ಹಿಡಿದು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಈ ಭೇದಕ್ಕೆ ಕಾರಣವಿದೆ. ಮಾರಿದವರಿಗೆ ತಿಳಿಯುವ ಅನುಕೂಲ ಎಷ್ಟಿತ್ತು ಎಂಬುದನ್ನು ಇಂಗ್ಲೆಂಡಿನ ನ್ಯಾಯಾಲಯಗಳೂ ತೂಗಿವೆ. ತಿದ್ದಿದ ದಾಖಲೆಯನ್ನು ತಾನೂ ನಂಬಿ 1939ರ ಮಾರಿಸ್ ಕಾರನ್ನು 1948ರದೆಂದು ಮಾರಿದ ಸಾಮಾನ್ಯನನ್ನು 1957ರಲ್ಲಿ ವರದಿಯಾದ ತೀರ್ಪು ಬಿಟ್ಟುಬಿಟ್ಟಿತು. ಸುಮಾರು ಒಂದು ಲಕ್ಷ ಮೈಲಿ ಓಡಿದ ಬೆಂಟ್ಲಿಯನ್ನು, ಎಂಜಿನ್ ಬದಲಾದ ಮೇಲೆ ಇಪ್ಪತ್ತು ಸಾವಿರ ಮೈಲಿಯಷ್ಟೇ ಓಡಿದೆ ಎಂದ ವ್ಯಾಪಾರಿಯನ್ನು 1965ರಲ್ಲಿ ಬಿಡಲಿಲ್ಲ. ಎರಡರಲ್ಲೂ ಲಾರ್ಡ್ ಡೆನ್ನಿಂಗ್ ಇದ್ದರು.

ವಾರಂಟಿ ಚೀಟಿ ಕೈಯಲ್ಲಿದ್ದರೂ ಅದರ ಎಲ್ಲೆ ಅದರ ಅಕ್ಷರಗಳಷ್ಟೇ. ಬಿಡಿಭಾಗ ಬದಲಿಸುವ ವಾರಂಟಿಯಿಂದ ಇಡೀ ಕಾರನ್ನು ಬದಲಿಸಿಕೊಡಿ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿತು. ಅದು ಹೊಸ ಕಾರಿನ ಮಾತು. ಎಂಜಿನ್, ಗೇರ್‌ಬಾಕ್ಸಿಗಷ್ಟೇ ಆರು ತಿಂಗಳ ಭರವಸೆಯಿತ್ತ ಹಳೆಯ ಕಾರಿಗೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ.

ಇಂಥ ವ್ಯಾಜ್ಯಗಳು ಕೆಡುವ ಜಾಗ ಬೇರೆಯೇ. ಕಾರು ಕೈಕೊಟ್ಟೊಡನೆ ಅವಸರದಲ್ಲಿ ಬಿಚ್ಚಿಸಿ, ರಿಪೇರಿ ಮಾಡಿಸಿ, ಬಿಲ್ಲು ಹಿಡಿದು ದೂರಲು ಹೊರಟರೆ ದೋಷದ ಸಾಕ್ಷ್ಯವೇ ಮಾಯವಾಗಿರುತ್ತದೆ. ಮೊದಲು ಮಾರಿದವರಿಗೆ ಅಂಚೆಯಲ್ಲಿ ನೋಟಿಸು. ಬಳಿಕ, ಬಿಚ್ಚುವ ಮೊದಲೇ, ಇಬ್ಬರಿಗೂ ಸಂಬಂಧವಿಲ್ಲದ ತಜ್ಞರ ಬರಹದ ವರದಿ. ತೆಗೆದ ಬಿಡಿಭಾಗ, ಜಾಬ್ ಕಾರ್ಡು ಎರಡನ್ನೂ ಜೋಪಾನವಾಗಿಡುವುದು. ಪರೀಕ್ಷೆಯಿಲ್ಲದೆ ದೋಷ ತೀರ್ಮಾನವಾಗದು ಎನ್ನಿಸಿದರೆ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಲ್ಲದು. ಆಗ ಕಾಯಿದೆ ಹೇಳುವ ಮೂರು ತಿಂಗಳ ಗಡುವು ಐದು ತಿಂಗಳಾಗುತ್ತದೆ. ವಾಸ್ತವದಲ್ಲಿ ಎರಡೂ ಗಡುವುಗಳು ಹಿಗ್ಗುವುದು ಎಲ್ಲರಿಗೂ ಗೊತ್ತು.